ಟ್ಯಾಬ್ಲೆಟ್ ಈಗ ಬೇಡವೆಂದು ಬರೆದ ಮೇಲೆ

ಕಳೆದ ಮಂಗಳವಾರ ಗಜೇಂದ್ರಗಡದಲ್ಲಿ ಶರಣಪ್ಪನ ಮನೆಯ ಬಾಗಿಲಲ್ಲಿ ನಿಂತಾಗ, ಒಳಗೆ ಮಗ್ಗದ ಸಪ್ಪಳವಿರಲಿಲ್ಲ.

ಶರಣಪ್ಪ ನನ್ನ ಹಳೆಯ ವಿದ್ಯಾರ್ಥಿ. ಸೀರೆ ನೇಯುವುದು ಅವನ ಕಸುಬು. ಬೆಳಗಿನ ಹನ್ನೊಂದು ಗಂಟೆಗೆ ಅವನ ಮಗ್ಗ ಸುಮ್ಮನಿದ್ದುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅವನು ಗೋಡೆಗೆ ಆತು ಕುಳಿತಿದ್ದ. ಎರಡು ದಿನದಿಂದ ತಲೆ ಸುತ್ತುತ್ತದೆ, ಎಳೆಗಳು ಎರಡೆರಡಾಗಿ ಕಾಣುತ್ತವೆ ಎಂದ.

ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳಿದೆ. ಅವನಿಗೂ ನನಗೂ ರಕ್ತದೊತ್ತಡ. ಇಬ್ಬರಿಗೂ ಒಬ್ಬರೇ ವೈದ್ಯರು, ಒಂದೇ ಮಾತ್ರೆ...

ಅವನು ನನ್ನ ಮುಖವನ್ನೇ ನೋಡಿದ. "ನೀವ ಬ್ಯಾಡ ಅಂದಿರಲ್ರಿ ಸರ. ನೀವು ಬಿಟ್ಟಿರಿ ಅಂತ ನಾನೂ ಬಿಟ್ಟೆ."

ಯಾವಾಗ ಅಂದೆನೆಂದು ಕೇಳುವಷ್ಟರಲ್ಲಿ ಅವನ ಹೆಂಡತಿ ಕಾಶವ್ವ ಮೊಬೈಲ್ ತಂದು ಮುಂದೆ ಹಿಡಿದಳು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ವಾಟ್ಸಪ್ ಗುಂಪು. ಹನ್ನೆರಡು ದಿನಗಳ ಹಿಂದೆ ನಾನೇ ಬರೆದದ್ದು:

'ಬಹಳ ಯೋಚಿಸಿದೆ. ಟ್ಯಾಬ್ಲೆಟ್ ಈಗ ತೆಗೆದುಕೊಳ್ಳಬಾರದೆಂದು ನಿಶ್ಚಯಿಸಿದ್ದೇನೆ. ಆರು ತಿಂಗಳಲ್ಲಿ ಇದಕ್ಕಿಂತ ಉತ್ತಮವಾದುದು ಬರುತ್ತದಂತೆ. ಅವಸರ ಬೇಡ.'

ಕಾಗುಣಿತದ ತಪ್ಪು ಒಂದೂ ಇರಲಿಲ್ಲ.

ನಡೆದದ್ದು ಇಷ್ಟು. ಮೊಬೈಲಿನ ಸಣ್ಣ ಪರದೆಯಲ್ಲಿ ಓದಲು ನನ್ನ ಕಣ್ಣು ಒಪ್ಪುತ್ತಿಲ್ಲ. ಒತ್ತಕ್ಷರಗಳೆಲ್ಲ ಇರುವೆಗಳಂತೆ ಕಾಣುತ್ತವೆ. ದೊಡ್ಡ ಪರದೆಯ ಟ್ಯಾಬ್ಲೆಟ್ ಒಂದು ಬೇಕೆಂದು ಕಳೆದ ವರ್ಷದಿಂದ ಅಂಗಡಿ ತಿರುಗುತ್ತಿದ್ದೇನೆ.

ನಮ್ಮ ರೋಣದ ಅಂಗಡಿಯವರು ದೀಪಾವಳಿಗೆ ಹೊಸ ಮಾಡೆಲ್ ಬರುತ್ತದೆ ಎಂದರು. ಕಾದೆ, ಬಂತು. ಅಷ್ಟರಲ್ಲಿ ನರಗುಂದದ ಅಂಗಡಿಯವರು, ಇದರ ಪ್ರೊಸೆಸರ್ ಹಳೆಯದು, ಯುಗಾದಿಗೆ ಇನ್ನೂ ಒಳ್ಳೆಯದು ಬರುತ್ತದೆ ಎಂದರು. ಮತ್ತೆ ಕಾದೆ.

ಸ್ಟೋರೇಜ್ ಎಷ್ಟು, ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಹೋಲಿಸಿದ್ದೂ ಆಯಿತು. ಪ್ರತಿ ಸಲವೂ ಕಾಯುವುದೇ ಲೇಸೆಂದು ತೋರುತ್ತಿತ್ತು. ಗುಂಪಿಗೆ ತಿಳಿಸಿದ್ದು ಆ ನಿರ್ಧಾರವನ್ನು.

"ಅದು ಓದೂ ಟ್ಯಾಬ್ಲೆಟ್ಟೋ ಶರಣಪ್ಪಾ, ನುಂಗೂದಲ್ಲ," ಎಂದೆ.

"ನನಗ ಹ್ಯಾಂಗ ತಿಳೀಬೇಕ್ರಿ? ಹಿಂದಕ ನಾ ಗುಂಪಿನ್ಯಾಗ ಗುಳಿಗಿ ಅಂತ ಬರದಾಗ, ಗುಳಿಗಿ ಅನಬ್ಯಾಡ, ಮಾತ್ರೆ ಅನ್ನು, ಇಲ್ಲಾ ಟ್ಯಾಬ್ಲೆಟ್ ಅಂತಾದ್ರೂ ಅನ್ನು ಅಂದಾವರು ನೀವ."

ಅಂದದ್ದು ನಿಜ.

"ಸರ ಬರದಾರ ಅಂದ್ರ ಮುಗೀತ್ರಿ, ಡಾಕ್ಟರ್ ಮಾತೂ ಇವರಿಗೆ ಹತ್ತೂದಿಲ್ಲ," ಎಂದು ಕಾಶವ್ವ ಗಂಡನಿಗೆ ಹೇಳಿದಳೋ ನನಗೆ ಹೇಳಿದಳೋ ತಿಳಿಯಲಿಲ್ಲ.

ಮೂವರೂ ಆಟೋದಲ್ಲಿ ದವಾಖಾನೆಗೆ ಹೋದೆವು. ಒತ್ತಡ ಬಹಳ ಏರಿತ್ತು. ವೈದ್ಯರು ಔಷಧ ಕೊಟ್ಟು ಮಲಗಿಸಿದರು. ಎರಡು ತಾಸು ಬಿಟ್ಟು ಮತ್ತೆ ನೋಡುತ್ತೇನೆ ಎಂದರು. ಇನ್ನೊಂದು ವಾರ ಹೀಗೇ ಬಿಟ್ಟಿದ್ದರೆ... ಎಂದವರು ವಾಕ್ಯವನ್ನು ಪೂರ್ತಿ ಮಾಡಲಿಲ್ಲ.

ಅಪೂರ್ಣ ವಾಕ್ಯವನ್ನು ನಾನು ಎಂದೂ ಸಹಿಸಿದವನಲ್ಲ. ಅಂದು ಮಾತ್ರ ಅದು ಹಾಗೆಯೇ ಉಳಿಯಲಿ ಅನ್ನಿಸಿತು.

ಆ ಎರಡು ತಾಸು ಬೆಂಚಿನ ಮೇಲೆ ಕುಳಿತು ನನ್ನ ವಾಕ್ಯವನ್ನು ನಾನೇ ತಿದ್ದಿದೆ. ಬೆಲೆ ಕೊಟ್ಟು ಪಡೆಯುವುದಕ್ಕೆ 'ಕೊಳ್ಳು' ಎಂಬ ಸ್ಪಷ್ಟವಾದ ಕ್ರಿಯಾಪದವಿದೆ. ನಾನು ಬರೆದದ್ದು 'ತೆಗೆದುಕೊಳ್ಳು' ಎಂದು. ಅಂಗಡಿಯಿಂದ ತರುವುದಕ್ಕೂ ಅದೇ, ನೀರಿನ ಜೊತೆ ನುಂಗುವುದಕ್ಕೂ ಅದೇ.

ಇಂಥ ಸಡಿಲ ಪ್ರಯೋಗಕ್ಕೆ ಮಕ್ಕಳ ಒಂದು ಅಂಕ ಕಳೆಯುತ್ತಿದ್ದವನು ನಾನು.

ಕಳುಹಿಸುವ ಮೊದಲು ಇನ್ನೊಮ್ಮೆ ಓದಿದ್ದರೆ ಹೊಳೆಯುತ್ತಿತ್ತೋ ಏನೋ. ಓದಿರಲಿಲ್ಲ. ಅಕ್ಷರಗಳು ಸಣ್ಣವಿದ್ದವು.

ಪಕ್ಕದಲ್ಲಿದ್ದ ಕಾಶವ್ವ, ತನ್ನ ಮೊಮ್ಮಗಳು ಆ ಟ್ಯಾಬ್ಲೆಟ್ಟಿಗೆ ಪಾಟಿ ಅನ್ನುತ್ತಾಳೆಂದಳು. ಹೌದಲ್ಲ! ಸ್ಲೇಟಿಗೆ ಪಾಟಿ ಎನ್ನುತ್ತಲೇ ನಾವೆಲ್ಲ ಅಕ್ಷರ ತಿದ್ದಿದವರು. ಇಷ್ಟು ಒಪ್ಪುವ ಮಾತು ನನಗೇಕೆ ಹೊಳೆಯಲಿಲ್ಲ?

ಮತ್ತೆ ಅದನ್ನು ಏಕೆ ಕೊಂಡಿಲ್ಲವೆಂದು ಕೇಳಿದಳು. ಮುಂದೆ ಉತ್ತಮವಾದುದು ಬರುವುದಿದೆ ಎಂದು ವಿವರಿಸಿದೆ. ಪ್ರೊಸೆಸರ್‌ವರೆಗೂ ಹೋದೆ.

"ಮುಂದ ಚಲೋ ನಮೂನಿ ಬರ್ತೈತಿ ಅಂತ ನಾವೂ ಕೈ ಕಟ್ಟಿ ಕುಂತ್ರ, ಮಗ್ಗದ ಮ್ಯಾಗಿನ ಸೀರಿ ಯಾವಾಗ ಇಳೀಬೇಕ್ರಿ ಸರ? ಕಣ್ಣು ಈಗ ಕಾಣವಲ್ವು, ಪಾಟಿ ಆರ ತಿಂಗಳಿಗೆ ಅಂತೀರಿ."



ವೈದ್ಯರು ಮತ್ತೆ ನೋಡಿದಾಗ ಒತ್ತಡ ಇಳಿಯತೊಡಗಿತ್ತು. ಮನೆಗೆ ಹೋಗಬಹುದು, ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಕೂಡದು ಎಂದರು. ಶರಣಪ್ಪನನ್ನು ಮನೆಗೆ ಮುಟ್ಟಿಸಿ, ಬಸ್ ನಿಲ್ದಾಣದ ಕಡೆ ನಡೆದೆ. ದಾರಿಯಲ್ಲಿ ಮೊಬೈಲ್ ಅಂಗಡಿ. ಅಂಗಡಿಯವರು, ಇನ್ನೊಂದು ಸ್ವಲ್ಪ ದಿನ ತಡೆದರೆ... ಎಂದು ಶುರು ಮಾಡಿದರು.

ಇದ್ದದ್ದನ್ನೇ ಕೊಡಿ ಎಂದೆ.

ಈ ಬರಹವನ್ನು ಅದರಲ್ಲಿಯೇ ಬರೆಯುತ್ತಿದ್ದೇನೆ. ಒತ್ತಕ್ಷರಗಳು ದುಂಡಗೆ, ದೊಡ್ಡದಾಗಿ ಕಾಣುತ್ತಿವೆ. ಎರಡು ಸಲ ಓದಿಯೂ ನೋಡಿದ್ದೇನೆ.

ಬೆಳಿಗ್ಗೆ ಶರಣಪ್ಪ ಫೋನ್ ಮಾಡಿದ್ದ. ಎಳೆಗಳು ಈಗ ಒಂದೊಂದಾಗಿಯೇ ಕಾಣುತ್ತವಂತೆ. ಇನ್ನೆರಡು ದಿನ ಬಿಟ್ಟು ಮಗ್ಗಕ್ಕೆ ಕೂಡುತ್ತಾನಂತೆ.

ಮಂಗಳವಾರವೇ ಗುಂಪಿಗೆ ತಿದ್ದುಪಡಿ ಹಾಕಿದೆ: 'ಪಾಟಿ ಕೊಂಡಿದ್ದೇನೆ. ಗುಳಿಗಿ ಬಿಟ್ಟಿಲ್ಲ.' ಗುಳಿಗಿ ಎಂದು ನಾನಾಗಿ ಬರೆದದ್ದು ಇದೇ ಮೊದಲು.

ಆದರೆ ಆ ಹಳೆಯ ವಾಕ್ಯ ಸುತ್ತಲಿನ ಸವಡಿ, ಜಕ್ಕಲಿ ಊರುಗಳವರೆಗೂ ಹೋಗಿದೆ ಎಂದು ಕೇಳಿದ್ದೇನೆ. ಅದಕ್ಕೇ ಇಲ್ಲಿಯೂ ಕೇಳುತ್ತಿದ್ದೇನೆ... ನನ್ನ ಮಾತು ನಂಬಿ ನಿಮ್ಮಲ್ಲಿ ಇನ್ನೂ ಯಾರಾದರೂ ಗುಳಿಗಿ ಬಿಟ್ಟಿದ್ದೀರೇನು?