ದೊಡ್ಡಮ್ಮನ ಕೇಪಿನ ಕೋವಿ

ಈ ಸಲದ ದೀಪಾವಳಿ ಸಂಜೆ ಬಚ್ಚಲೊಲೆಗೆ ಬೆಂಕಿ ಹಚ್ಚುತ್ತಿದ್ದೆ. ತೆಂಗಿನ ನಾರಿಗೆ ಕಡ್ಡಿ ಗೀರಿ ಇನ್ನೂ ಊದುತ್ತಿರುವಾಗಲೇ ಬೀದಿಯಲ್ಲಿ ಯಾರೋ ಪಟಾಕಿ ಸರ ಹಚ್ಚಿದರು. ಆ ಮದ್ದಿನ ಹೊಗೆ ಕಿಟಕಿಯಿಂದ ನುಗ್ಗಿ ನನ್ನ ನಾರಿನ ಹೊಗೆಗೆ ಬೆರೆತುಹೋಯಿತು. ನಾರು ಸುಟ್ಟ ವಾಸನೆ ನಮ್ಮ ಸೀಮೆಯಲ್ಲಿ ದಿನಾ ಇದ್ದದ್ದೇ, ಅದಕ್ಕೆ ಯಾರೂ ಮೂಗು ತಿರುಗಿಸುವುದಿಲ್ಲ. ಮದ್ದಿನ ವಾಸನೆಯೂ ಹಬ್ಬ ಬಂತೆಂದರೆ ಇದ್ದೇ ಇರುತ್ತದೆ. ಆದರೆ ಎರಡೂ ಸೇರಿದರೆ… ಅದು ಪಕ್ಕದ ತೋಟದ ದೊಡ್ಡಮ್ಮನ ಸೀರೆಯ ವಾಸನೆ. ಊದುಕೊಳವೆ ಕೈಯಲ್ಲಿ ಹಿಡಿದು ಹಾಗೇ ಕುಳಿತುಬಿಟ್ಟೆ.

ದೊಡ್ಡಮ್ಮ ನಮಗೆ ನೆಂಟರೇನಲ್ಲ. ನಾನು ಮದುವೆಯಾಗಿ ಹೊನ್ನವಳ್ಳಿ ಕಡೆಯ ಈ ತೋಟದ ಮನೆಗೆ ಬಂದಾಗ ಬದುವಿನ ಆಚೆ ಅವರ ತೋಟ, ಈಚೆ ನಮ್ಮದು. ನಮ್ಮನೆಯವರು ಚಿಕ್ಕಂದಿನಿಂದ ದೊಡ್ಡಮ್ಮ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಸಣಕಲು ಹೆಂಗಸು, ಹಣೆಯಲ್ಲಿ ವಿಭೂತಿ, ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಿದರೆ ಮಲಗುವಾಗಲೇ ಬಿಚ್ಚುತ್ತಿದ್ದುದು. ಬಂದ ಹೊಸದರಲ್ಲಿ ಒಂದು ಸಂಜೆ ನಾನು ದೀಪ ಹಚ್ಚುತ್ತಿದ್ದಾಗ ಬದುವಿನ ಕಡೆಯಿಂದ ಢಂ ಅಂತ ಸದ್ದು ಬಂತು ನೋಡಿ, ದೀಪ, ಎಣ್ಣೆ, ನಾನು, ಮೂರೂ ನೆಲಕ್ಕೆ. ನಮ್ಮನೆಯವರು ನಕ್ಕೂ ನಕ್ಕೂ ಸುಸ್ತಾಗಿ, "ಏನಿಲ್ಲ ಕಣೇ, ದೊಡ್ಡಮ್ಮ ಈಡು ಹೊಡೀತು ಅಷ್ಟೆ" ಅಂದರು.

ಓಡಿಹೋಗಿ ನೋಡಿದರೆ, ಅಬ್ಬಾ! ದೊಡ್ಡಮ್ಮ ತನಗಿಂತ ಉದ್ದದ ಕೋವಿ ಹಿಡಿದು ಹೊಗೆಯ ಮಧ್ಯೆ ನಿಂತಿದ್ದಾರೆ. ಬೆಳೆ ಕಾಯಲು ಕೊಡುವ ಲೈಸೆನ್ಸಿನ ಹಳೇ ಕೇಪಿನ ಕೋವಿ ಅದು. ತೋಟಾ ಹಾಕುವ ಕೋವಿಯಲ್ಲ. ಬಾಯಿಯಿಂದಲೇ ಮದ್ದು ಸುರಿದು, ಮೇಲೆ ತೆಂಗಿನ ನಾರಿನ ಉಂಡೆ ತುರುಕಿ, ಗಜವೆಂಬ ಉದ್ದನೆಯ ಕಬ್ಬಿಣದ ಸರಳಿನಿಂದ ಜಡಿದು, ಹಿಂದೆ ಕುದುರೆಯೆಂಬ ಸುತ್ತಿಗೆಯ ಕೆಳಗೆ ಪುಟ್ಟ ತಾಮ್ರದ ಕೇಪು ಇಟ್ಟು ಹೊಡೆಯಬೇಕು. ಒಂದು ತುಂಬಿದರೆ ಒಂದೇ ಈಡು. ಮತ್ತೊಂದು ಬೇಕಾದರೆ ಮತ್ತೆ ಮೊದಲಿಂದ ಎಲ್ಲ ಆಗಬೇಕು. ದೊಡ್ಡಮ್ಮ ಅದಕ್ಕೆ ಚರೆ, ಅಂದರೆ ಸೀಸದ ಗುಂಡು, ಹಾಕುತ್ತಿರಲಿಲ್ಲ. ಬರೀ ಮದ್ದು, ಬರೀ ನಾರು. ಸಂಜೆ ಒಂದು ಈಡು ಆಕಾಶಕ್ಕೆ ಹೊಡೆದರೆ ಹಂದಿಗಳು ಆ ರಾತ್ರಿ ತೆಂಗಿನ ಸಸಿಯ ಬುಡಕ್ಕೆ ಬಾಯಿ ಹಾಕುತ್ತಿರಲಿಲ್ಲ. ನಮಗೆ ಅದೇ ಗಡಿಯಾರ. ಆ ಸದ್ದು ಕೇಳಿದ ಮೇಲೆ ನಾನು ಅನ್ನಕ್ಕಿಡುತ್ತಿದ್ದೆ.

ಕೋವಿ ತುಂಬುವಾಗ ಅವರದೊಂದು ಕ್ರಮವಿತ್ತು. ಹಿಡಿಯನ್ನು ನೆಲಕ್ಕೂರಿ, ಮದ್ದು ಮುಟ್ಟುವ ಮೊದಲು ಬರೀ ಗಜವನ್ನು ನಳಿಗೆಯೊಳಗೆ ಇಳಿಬಿಡುತ್ತಿದ್ದರು. ಒಳಗೆ ಏನೂ ಇಲ್ಲದಿದ್ದರೆ ಗಜ ತಳದ ಕಬ್ಬಿಣಕ್ಕೆ ತಾಗಿ ಟಣ್ ಅನ್ನುತ್ತದೆ. ಮದ್ದು ನಾರು ಇದ್ದರೆ ದಪ್ ಅಂತ ಮೆತ್ತಗೆ ಕೂರುತ್ತದೆ. ಟಣ್ ಅಂದ ಮೇಲೆ ದೊಡ್ಡಮ್ಮ ಬಾಯಿಬಿಟ್ಟು, "ಖಾಲಿ" ಅನ್ನುತ್ತಿದ್ದರು. ಯಾರಿರಲಿ ಬಿಡಲಿ, ಆ ಮಾತು ಅಂದೇ ಮುಂದಿನ ಕೆಲಸ. ಕೋವಿಯನ್ನು ತೊಳೆದು ಒರೆಸಿ ಈಗಷ್ಟೇ ಗೋಡೆಗೆ ಆನಿಸಿಟ್ಟಿದ್ದರೂ ಅಷ್ಟೇ.

ನನಗೋ ಬಾಯಿ ಸುಮ್ಮನಿರದು. "ದೊಡ್ಡಮ್ಮ, ನೀವೇ ತೊಳೆದಿಟ್ಟಿದ್ದಲ್ವಾ? ಒಳಗೇನು ಇಲಿ ಬಂದು ಮದ್ದು ತುಂಬ್ತದಾ?" ಅಂತ ರೇಗಿಸುತ್ತಿದ್ದೆ.

"ತುಂಬಿದ್ರೂ ತುಂಬ್ತದೆ ಕಣವ್ವ, ಈ ಕಾಲ್ದಾಗೆ ಇಲಿ ನಂಬಂಗಿಲ್ಲ" ಅಂದು ತಮ್ಮ ಪಾಡಿಗೆ ನಾರು ಹಿಸಿಯುತ್ತಿದ್ದರು.

ಚುನಾವಣೆ ಬಂದಾಗ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕಲ್ಲ, ಆಗ ನೋಡಬೇಕಿತ್ತು ಅವರ ದರ್ಬಾರು. ಕೋವಿಗೆ ರಾಗಿ ಚೀಲ ಸುತ್ತಿ ಬಸ್ಸು ಹತ್ತಿದರೆ ಕಂಡಕ್ಟರು ತಾನೇ ಎದ್ದು ಜಾಗ ಕೊಡುತ್ತಿದ್ದ. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಠಾಣೆಯ ಪೇದೆ ಕೈಚಾಚಿದರೆ ದೊಡ್ಡಮ್ಮ ಕೊಡಲಿಲ್ಲ. "ತಡಿಯಪ್ಪ ಸ್ವಾಮಿ, ಕೇಳಿಸ್ಕೊಂಡು ತಗಾ" ಅಂದು ಅವನ ಎದುರೇ ಗಜ ಇಳಿಬಿಟ್ಟರು. ಟಣ್. "ಏನಂತು?" ಅಂತ ಕೇಳಿದರು. ಅವನು ಪಿಳಿಪಿಳಿ ಕಣ್ಣು ಬಿಟ್ಟು, "ಖಾಲಿ ಅಜ್ಜಿ" ಅಂದ ಮೇಲೆಯೇ ಕೋವಿ ಕೈ ಬಿಟ್ಟಿದ್ದು. ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ.

ಆ ನಗು ನಿಂತದ್ದು ಚಿರತೆ ಬಂದ ದಿನ.

ನಮ್ಮ ತೋಟದ ಮನೆಯ ಹಿಂದೆ ಕೊಬ್ಬರಿ ಅಟ್ಟ ಇದೆ. ಕೆಳಗೆ ಮೇಕೆ ಕಟ್ಟುವ ಜಾಗ, ಮೇಲೆ ಬಿದಿರ ದಬ್ಬೆ ಹಾಸಿ ಕಾಯಿ ತುಂಬಿದ ಅಟ್ಟ. ಹತ್ತಲು ಒಳಗಿನಿಂದಲೇ ಒಂದು ಏಣಿ. ಅವತ್ತು ಮಧ್ಯಾಹ್ನ ಮೂರು ವರ್ಷದ ಮಗಳನ್ನು ಕರೆದುಕೊಂಡು ಮೇಲೆ ಹತ್ತಿದ್ದೆ. ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಅಂದದ್ದನ್ನು ಬೇರೆ ಹಾಕುವ ಕೆಲಸ. ಮಗಳೂ ಒಂದು ಕಾಯಿ ತಬ್ಬಿಕೊಂಡು ಕಿವಿಗೆ ಹಿಡಿಯುತ್ತಿದ್ದಳು. ಕೆಳಗೆ ಮೇಕೆ ಒಮ್ಮೆ ಕಿರುಚಿತು. ಏನಪ್ಪ ಅಂತ ದಬ್ಬೆಯ ಸಂದಿಯಿಂದ ಬಗ್ಗಿ ನೋಡಿದರೆ, ನನ್ನ ಪಾದದ ಅಡಿಗೇ ಹಳದಿ ಬೆನ್ನು, ಕಪ್ಪು ಚುಕ್ಕೆ.

ಏಣಿ ಮೇಲಕ್ಕೆ ಎಳೆದುಕೊಳ್ಳೋಣವೆಂದರೆ ಅದನ್ನು ಗೂಟಕ್ಕೆ ಬಿಗಿದಿತ್ತು. ಮಗಳನ್ನು ಅವಚಿಕೊಂಡು ಗವಾಕ್ಷಿಗೆ ಬಾಯಿಟ್ಟು ಕೂಗಿದೆ ನೋಡಿ, ಅಂಥ ಕೂಗು ಹೆರಿಗೆಯಲ್ಲೂ ಕೂಗಿರಲಿಲ್ಲ. ಕಾಯಿ ಸುಲಿಯುತ್ತಿದ್ದವರು, ನಮ್ಮನೆಯವರು ಎಲ್ಲರೂ ದೊಣ್ಣೆ ಹಿಡಿದು ಓಡಿಬಂದರು. ಬಂದವರು ಮಾಡಿದ್ದೇನು? ಬಾಗಿಲಿಗೆ ಅಡ್ಡ ನಿಂತು ಗಲಾಟೆ. ಪ್ರಾಣಿಗೆ ಹೊರಗೆ ಹೋಗಲು ದಾರಿಯಿಲ್ಲ. ಉಳಿದಿದ್ದು ಏಣಿಯ ದಾರಿ ಒಂದೇ. ಅದು ಮುಂಗಾಲನ್ನು ಏಣಿಯ ಮೆಟ್ಟಿಲ ಮೇಲಿಟ್ಟು ತಲೆಯೆತ್ತಿ ನನ್ನನ್ನು ನೋಡಿತು. ಮಗಳ ಮುಖವನ್ನು ಎದೆಗೆ ಒತ್ತಿಕೊಂಡೆ. ದೇವರ ಹೆಸರು ಕೂಡ ನೆನಪಾಗಲಿಲ್ಲ.

ಅಷ್ಟರಲ್ಲಿ ದೊಡ್ಡಮ್ಮನ ದನಿ ಕೇಳಿತು. "ದಾರಿ ಬುಡ್ರೋ! ಬಾಗ್ಲು ಬುಟ್ಟು ಆ ಕಡೆ ಹೋಗ್ರೋ, ನಿಮ್ ಮನೆ ಕಾಯೋಗ!"

"ಹೊಡೀರಿ ದೊಡ್ಡಮ್ಮ, ಹೊಡೆದಾಕ್ರಿ!" ಅಂತ ಯಾರೋ ಕೂಗಿದರು.

"ಮೇಲೆ ಮಗ ಐತೆ ಕಣ್ಲಾ. ಗಾಯ ಆದ್ರೆ ಮೇಲಕ್ಕೇ ಹತ್ತದು. ದಾರಿ ಬುಡು ಮೊದ್ಲು."

ಜನ ಸರಿದರು. ದೊಡ್ಡಮ್ಮ ಅಟ್ಟದ ಹಿಂದಕ್ಕೆ ಹೋಗಿ, ಹಿಂಬದಿಯ ಕಿಂಡಿಯ ಪಕ್ಕ ನಿಂತು ಈಡು ಹೊಡೆದರು. ಆಹಾ, ಆ ಸದ್ದು! ದಬ್ಬೆ ನಡುಗಿತು, ಕಾಯಿಗಳು ಉರುಳಿದವು, ಚಿರತೆ ಎದುರಿನ ಬಾಗಿಲಿಂದ ಒಂದೇ ನೆಗೆತಕ್ಕೆ ಅಂಗಳದಲ್ಲಿತ್ತು. ದೊಣ್ಣೆಯವರೆಲ್ಲ ದಿಕ್ಕಾಪಾಲು, ನಮ್ಮನೆಯವರೂ ಸೇರಿ. ಅವರು ಇವತ್ತಿಗೂ ಒಪ್ಪುವುದಿಲ್ಲ, ಓಡಲಿಲ್ಲ, ಸ್ವಲ್ಪ ಹಿಂದಕ್ಕೆ ಸರಿದೆ ಅನ್ನುತ್ತಾರೆ.

ಚಿರತೆ ಓಡಿಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ. ಅಂಗಳದ ಮಧ್ಯೆ ನಿಂತು ತೆರೆದ ಬಾಗಿಲ ಕಡೆಗೇ ತಿರುಗಿತು. ಮೇಕೆ ಇನ್ನೂ ಒಳಗೇ ಕೂಗುತ್ತಿತ್ತಲ್ಲ. ಅದೇ ಹೊತ್ತಿಗೆ ದೊಡ್ಡಮ್ಮ ಗೋಡೆ ಬಳಸಿಕೊಂಡು ಮುಂದಕ್ಕೆ ಬಂದರು. ಬಾಗಿಲಿಗೂ ಚಿರತೆಗೂ ನಡುವೆ ಅವರು. ಒಂದು ತೆಂಗಿನ ಮರದಿಂದ ಇನ್ನೊಂದಕ್ಕೆ ಎಷ್ಟು ದೂರವೋ ಅಷ್ಟೇ. ಕೈಯಲ್ಲಿ ಈಗಷ್ಟೇ ಹೊಡೆದು ಬರಿದಾದ ಕೋವಿ.

ನಾನು ಗವಾಕ್ಷಿಯಿಂದ ಎಲ್ಲವನ್ನೂ ನೋಡುತ್ತಿದ್ದೆ. ದೊಡ್ಡಮ್ಮ ಓಡಲಿಲ್ಲ, ಕೂಗಲಿಲ್ಲ. ಕೋವಿಯ ಹಿಡಿಯನ್ನು ನೆಲಕ್ಕೂರಿದರು. ಕಣ್ಣು ಚಿರತೆಯ ಮೇಲೆಯೇ. ಗಜವನ್ನು ಎಳೆದು ನಳಿಗೆಯೊಳಗೆ ಇಳಿಬಿಟ್ಟರು.

ಟಣ್.

"ಖಾಲಿ" ಅಂದರು. ಆಣೆ ಮಾಡಿ ಹೇಳುತ್ತೇನೆ, ಸಂಜೆ ಬದುವಿನ ಹತ್ತಿರ ಅನ್ನುತ್ತಿದ್ದರಲ್ಲ, ಅದೇ ದನಿ.

ಆಮೇಲೆ ಮದ್ದು. ಆಮೇಲೆ ಸೊಂಟದ ಚೀಲದಿಂದ ನಾರು ತೆಗೆದು, ಹಿಸಿದು, ಉಂಡೆ ಮಾಡಿ, ತುರುಕಿ, ಜಡಿದರು. ಗಜವನ್ನು ಹೊರಗೆಳೆದು ಅದರ ಜಾಗಕ್ಕೆ ಸಿಕ್ಕಿಸಿದರು. ಚಿರತೆ ಬಾಲದ ತುದಿ ಆಡಿಸುತ್ತಾ ಅದನ್ನೆಲ್ಲ ನೋಡುತ್ತಿತ್ತು. ನನಗೆ ಆ ಹೊತ್ತಿನಲ್ಲಿ ಭಯವೂ ಮರೆತುಹೋಗಿತ್ತು. ಇಷ್ಟು ದೊಡ್ಡವರ ಪಕ್ಕದಲ್ಲಿ ಇಷ್ಟು ದಿನ ಇದ್ದೂ ನಗುತ್ತಿದ್ದೆನಲ್ಲ ಅನ್ನಿಸಿತು. ದೊಡ್ಡಮ್ಮ ಕೇಪು ಇಟ್ಟು ಕೋವಿ ಎತ್ತುವಷ್ಟರಲ್ಲಿ ಅದು ಮುಖ ತಿರುಗಿಸಿ ಬದು ಹತ್ತಿ ಆಚೆ ಇಳಿಯಿತು. ಎರಡನೇ ಈಡು ಅವರು ಹೊಡೆಯಲೇ ಇಲ್ಲ. "ಹೋಗವ್ವ, ನಿನ್ ದಾರಿ ನೋಡ್ಕ ಹೋಗು" ಅಂದರು ಅದರ ಬೆನ್ನಿಗೆ.

ನಾನು ಇಳಿದು ಬಂದು ಕಾಲು ಹಿಡಿದರೆ, ಎತ್ತಿ ನಿಲ್ಲಿಸಿ ಮಗಳ ಗಲ್ಲ ಸವರಿದರು. ಮಜ್ಜಿಗೆ ಕುಡಿದು ಜಗಲಿಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ ಕೇಳಿದೆ. "ಆಗಷ್ಟೇ ಹೊಡೆದಿದ್ರಿ, ದೊಡ್ಡಮ್ಮ. ಖಾಲಿ ಅಂತ ಗೊತ್ತೇ ಇತ್ತು. ಅಂಥ ಹೊತ್ನಲ್ಲೂ ಗಜ ಬಿಟ್ಟು ನೋಡ್ಬೇಕಿತ್ತಾ?"

ಅವರು ಕುದುರೆಯ ಕೆಳಗಿನ ಕೇಪನ್ನು ತೆಗೆದು ಸೊಂಟದ ಚೀಲಕ್ಕೆ ಹಾಕಿದರು. ಆಮೇಲೆ ಹೇಳಿದರು. "ನಿಮ್ ದೊಡ್ಡಪ್ಪನೂ ಖಾಲಿ ಅಂತ್ಲೇ ಅಂದ್ಕಂಡಿದ್ರು ಕಣವ್ವ."

ಅದೊಂದು ದೀಪಾವಳಿಯಂತೆ. ಹಬ್ಬದ ಈಡು ಹೊಡೆಯಲು ಅವರ ಯಜಮಾನರು, ಅಂದರೆ ದೊಡ್ಡಪ್ಪ, ಕೋವಿ ಎತ್ತಿದಾಗ ಸುತ್ತ ಪಟಾಕಿ ಗದ್ದಲ. ಕೇಪು ಮಾತ್ರ ಸಿಡಿದಿದೆ, ಒಳಗಿನ ಮದ್ದು ಹೊತ್ತಿಲ್ಲ. ಆ ಸದ್ದಿನಲ್ಲಿ ಅವರಿಗೆ ಈಡು ಹಾರಿತು ಅಂತಲೇ ಅನ್ನಿಸಿದೆ. ಅದರ ಮೇಲೆ ಇನ್ನೊಂದು ಈಡು ತುಂಬಿದ್ದಾರೆ. ಎರಡೂ ಒಟ್ಟಿಗೆ ಹೊತ್ತಿ ನಳಿಗೆ ಸೀಳಿಹೋಯಿತು, ಬಲಗೈ ಹೋಯಿತು. ಹಬ್ಬದ ಹಣತೆಗಳನ್ನು ಎತ್ತಿಡುವುದರೊಳಗೆ ಅವರೂ ಹೋದರು. ದೊಡ್ಡಮ್ಮ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು ಬೇರೆ ಕೋವಿ ತಂದರು.

"ಮತ್ತೆ ಅದನ್ನೇ ಮನೇಗೆ ತಂದ್ರಾ?" ಅಂದೆ.

"ಕೋವಿದೇನವ್ವ ತಪ್ಪು? ಗಜ ಬುಟ್ಟಿದ್ರೆ ದಪ್ ಅಂತ ಹೇಳ್ತಿತ್ತು. ಇವ್ರು ಕೇಳ್ಲಿಲ್ಲ. ಅದ್ಕೇ ನಾನು ಕೇಳ್ತೀನಿ, ಎಷ್ಟ್ ಗೊತ್ತಿದ್ರೂ ಕೇಳ್ತೀನಿ."

ಅವತ್ತಿನಿಂದ ನಾನು ಇಲಿಯ ಮಾತು ಎತ್ತಲಿಲ್ಲ. ಸಂಜೆ ಅವರು ಗಜ ಬಿಡುವ ಹೊತ್ತಿಗೆ ಕೈಕೆಲಸ ನಿಲ್ಲಿಸಿ ಬದುವಿನ ಈಚೆ ನಿಂತು ನಾನೂ ಕೇಳುತ್ತಿದ್ದೆ…

ಹೋದ ಬೇಸಿಗೆಯಲ್ಲಿ ದೊಡ್ಡಮ್ಮ ಹೋದರು. ಕಾಯಿಲೆ ಕಸಾಲೆ ಏನಿಲ್ಲ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಹಿಂದಿನ ಸಂಜೆಯೂ ಈಡು ಹೊಡೆದಿದ್ದರು. ಅವರ ಮಗ ಕೋವಿ ಮುಟ್ಟುವವನಲ್ಲ, ಅಪ್ಪನ ಕೈ ನೋಡಿದ ಹುಡುಗ ಅವನು. ತಿಥಿಯೆಲ್ಲ ಮುಗಿದ ಮೇಲೆ, "ಠಾಣೆಗೆ ಒಪ್ಪಿಸ್ಬೇಕು, ನೀವೂ ಬನ್ನಿ ಅಕ್ಕ, ನಂಗೆ ಅದನ್ನ ಹಿಡ್ಯಾಕೂ ಬರಲ್ಲ" ಅಂದ. ರಾಗಿ ಚೀಲ ಸುತ್ತಿ ನಾನೇ ಹಿಡಿದುಕೊಂಡು ಕುಳಿತೆ.

ಠಾಣೆಯಲ್ಲಿ ಹೊಸ ಪೇದೆ ಕೈಚಾಚಿದ. ನಾನು ಕೊಡಲಿಲ್ಲ. "ತಡೀರಿ, ಕೇಳಿಸ್ಕೊಂಡು ತಗೊಳ್ಳಿ" ಅಂದೆ. ಹಿಡಿಯನ್ನು ನೆಲಕ್ಕೂರಿ ಗಜ ಇಳಿಬಿಟ್ಟೆ. ಎಷ್ಟೋ ವರ್ಷ ನೋಡಿದ್ದೆ, ಮುಟ್ಟಿದ್ದು ಅದೇ ಮೊದಲು.

ಟಣ್.

ಆ ಒಂದು ಮಾತು ಹೇಳಬೇಕಿತ್ತು. ಪೇದೆ, "ಏನಮ್ಮಾ?" ಅಂದ. ಅವರ ಮಗ ಗೋಡೆ ಕಡೆಗೆ ತಿರುಗಿ ನಿಂತಿದ್ದ. ನಾನೇ ಹೇಳಬೇಕಾಯಿತು. "ಖಾಲಿ ಕಣ್ರೀ" ಅಂದೆ. ಅಂದದ್ದೇ ತಡ, ಠಾಣೆ ಅನ್ನುವುದನ್ನೂ ಮರೆತು ಅತ್ತುಬಿಟ್ಟೆ.

ಈಗ ಆ ತೋಟದಲ್ಲಿ ಪ್ಲಾಸ್ಟಿಕ್ ಪೈಪಿನದೊಂದು ಸದ್ದಿನ ಗನ್ನು ತಂದಿದ್ದಾರೆ, ಕೋತಿ ಓಡಿಸಲು. ಅದಕ್ಕೆ ನಾರೂ ಬೇಡ, ಗಜವೂ ಬೇಡ. ಕೋತಿಗಳು ಎರಡು ದಿನ ಹೆದರಿದವು, ಮೂರನೇ ದಿನ ಅದರ ಮೇಲೇ ಕುಳಿತು ಎಳನೀರು ಕೀಳುತ್ತಿದ್ದವು. ನಾನು ಅಡಿಗೆಮನೆಯ ಗ್ಯಾಸ್ ಆರಿಸಿದ ಮೇಲೂ ಮತ್ತೊಮ್ಮೆ ಹೋಗಿ ಅದರ ತಿರುಪು ಮುಟ್ಟಿ ನೋಡುತ್ತೇನೆ. ಗೊತ್ತೇ ಇದ್ದರೂ ನೋಡುತ್ತೇನೆ. ನಮ್ಮನೆಯವರು ಮೊದಲು ನಗುತ್ತಿದ್ದರು, ಈಗ ನಗುವುದಿಲ್ಲ.

ಈ ದೀಪಾವಳಿಯ ಸಂಜೆ ಬಚ್ಚಲೊಲೆ ಮುಂದೆ ಹಾಗೆ ಕುಳಿತಿದ್ದಾಗ ಹಬ್ಬಕ್ಕೆ ಬಂದಿದ್ದ ಮಗಳು ಒಳಗೆ ಬಂದಳು. ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಚಿರತೆಯ ಮುಖ ಅವಳಿಗೆ ನೆನಪಿಲ್ಲ, ನಾನು ತೋರಿಸಿಯೇ ಇರಲಿಲ್ಲವಲ್ಲ. ಬಾಗಿಲಲ್ಲೇ ನಿಂತು ಮೂಗು ಅರಳಿಸಿ, "ಅಮ್ಮಾ, ದೊಡ್ಡಜ್ಜಿ ಬಂದಂಗಾಯ್ತು" ಅಂದಳು.

ಇಬ್ಬರೂ ಬದುವಿನ ಕಡೆ ಕಿವಿಗೊಟ್ಟು ನಿಂತೆವು. ಪಟಾಕಿ ನಿಂತಿತ್ತು. ಕತ್ತಲಾಗುತ್ತಾ ಬಂದಿತ್ತು, ಅವರ ಈಡಿನ ಹೊತ್ತು. ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗಿ ಅನ್ನಕ್ಕಿಟ್ಟೆ.