ಬೆಳ್ಳಿ ಬಣ್ಣದ ಕೆಳಗಿನ ಗಾಯ

ಮಲ್ಲಿಯ ಹಿಂಗಾಲಿಗೆ ಮೆತ್ತಿದ್ದು ರಕ್ತ ಎಂದು ಗೊತ್ತಾಗಿದ್ದು ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ. ಅಲ್ಲಿಯವರೆಗೆ ಅದೂ ಧೂಳೇ ಅಂದುಕೊಂಡಿದ್ದೆ. ಕುರೆಕುಪ್ಪದಲ್ಲಿ ಬಿಳಿ ನಾಯಿ ಸಾಕುವವರ ಪಾಡು ಇದು. ಅದಿರಿನ ಲಾರಿಗಳು ನಮ್ಮ ಮನೆ ಮುಂದೆಯೇ ಓಡಾಡುತ್ತವೆ. ಒಣಗಲು ಹಾಕಿದ ಪಂಚೆ, ಅಂಗಳದ ದಾಸವಾಳದ ಎಲೆ, ನಮ್ಮ ಮಲ್ಲಿ, ಎಲ್ಲವೂ ಸಂಜೆ ಹೊತ್ತಿಗೆ ಕೆಂಪು. ಆ ದಿನ ಬಟ್ಟೆ ಹಿಂಡಿದಾಗ ನೀರಿನ ಬಣ್ಣ ಬೇರೆ ಇತ್ತು, ವಾಸನೆಯೂ ಬೇರೆ ಇತ್ತು.

ಗಾಯವಾಗಿತ್ತು.

ಸಣ್ಣದೇ. ಹೆಬ್ಬೆರಳಿನ ಉಗುರಿನಷ್ಟು. ಹಿತ್ತಲಿನ ಹಳೆಯ ತಗಡಿನ ಅಂಚಿಗೆ ತರಚಿಕೊಂಡಿರಬೇಕು. ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತಿದ್ದಳು, ಅಷ್ಟೇ. ಇಂಥ ಗಾಯ ಮಕ್ಕಳಿಗೆ ಆದರೆ ನಾವು ಆಸ್ಪತ್ರೆಗೆ ಹೋಗುತ್ತೇವೆಯೇ? ಆದರೂ ಹೋದೆ. ದನದ ಆಸ್ಪತ್ರೆಯಲ್ಲಿ ಡಾಕ್ಟರು ಇರಲಿಲ್ಲ, ಹಳ್ಳಿಗಳ ಕಡೆ ದನಗಳಿಗೆ ಇಂಜೆಕ್ಷನ್ ಹಾಕಲು ಹೋಗಿದ್ದರು. ಅಲ್ಲಿದ್ದ ಸಿಬ್ಬಂದಿ ಕುರ್ಚಿಯಿಂದ ಏಳದೆ ಕಾಲಿನ ಕಡೆ ಒಮ್ಮೆ ನೋಡಿದರು.

"ಸಣ್ಣ ಗಾಯ ಐತಿ ಬಿಡ್ರಿ ಅಕ್ಕಾ. ಮೆಡಿಕಲ್‌ನಾಗ ಸ್ಪ್ರೇ ಸಿಗ್ತದ. ಹೊಡೀರಿ, ಮಾಯ್ತದ."

"ಹೆಂಗ ಹೊಡೀಬೇಕ್ರಿ? ದಿನಕ್ಕ ಎಷ್ಟು ಸಲ?"

"ಡಬ್ಬಿ ಮ್ಯಾಲ ಬರ್ದಿರ್ತಾರ ನೋಡ್ರಿ."

ಬರೆದಿದ್ದರು ನಿಜ. ಇಂಗ್ಲಿಷಿನಲ್ಲಿ, ಇರುವೆಗಿಂತ ಸಣ್ಣ ಅಕ್ಷರದಲ್ಲಿ. ಕನ್ನಡಕ ಹಾಕಿಕೊಂಡು, ತೆಗೆದು, ಬಿಸಿಲಿಗೆ ಹಿಡಿದು ನೋಡಿದೆ. ಯಾರಿಗಾಗಿ ಬರೆಯುತ್ತಾರೋ ಇದನ್ನೆಲ್ಲ. ಸುಡುಗಾಡು ಎಂದು ಡಬ್ಬಿಯನ್ನು ದೇವರ ಗೂಡಿನ ಪಕ್ಕ ಇಟ್ಟು ನಮ್ಮನೆಯವರಿಗಾಗಿ ಕಾದೆ.

ನಮ್ಮ ಮನೆಯಲ್ಲಿ ಮೂವರು. ನಾನು, ನಮ್ಮನೆಯವರು, ಅತ್ತೆ. ನಮ್ಮನೆಯವರಿಗೆ ಉಕ್ಕಿನ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ವಿಭಾಗದಲ್ಲಿ ಕೆಲಸ. ಪೈಪು, ಕಂಬ, ಕಮಾನು, ಏನೇ ಬರಲಿ, ತುಕ್ಕು ಹಿಡಿಯದ ಹಾಗೆ ಕೋಟ್ ಹೊಡೆದು ಕಳಿಸುವುದು. ಎ ಶಿಫ್ಟು, ಬಿ ಶಿಫ್ಟು, ಸಿ ಶಿಫ್ಟು ಎಂದು ವಾರ ವಾರ ಬದಲಾಗುವ ಬದುಕು. ಅವರು ಮನೆಗೆ ಬಂದು ಸ್ಪ್ರೇ ಡಬ್ಬಿ ನೋಡಿದ್ದೇ ತಡ, ಮುಖ ಅರಳಿತು. ಇದು ಅವರದೇ ಕಸುಬು. ಡಬ್ಬಿ ಕುಲುಕಿದರು, ಒಳಗಿನ ಗುಂಡು ಟಕಟಕ ಎಂದಿತು. ಮೊಳದಷ್ಟು ದೂರ ಹಿಡಿದು, ಕೈ ನಡುಗಿಸದೆ, ಎಡದಿಂದ ಬಲಕ್ಕೆ ಒಂದು ಸಲ. ಔಷಧದ ಬೆಳ್ಳಿ ಬಣ್ಣ ಗಾಯದ ಮೇಲೆ ನೀಟಾಗಿ ಕೂತಿತು.

"ಮಸ್ತ್ ಕುಂತೈತಿ ನೋಡು."

"ಮೊದ್ಲು ತೊಳೀಬೇಕಿತ್ತೇನೋರಿ. ಧೂಳು ಹಂಗೇ ಐತಿ, ಕೂದ್ಲ ಐತಿ."

"ತೊಳದ್ರ ಉರಿತದ ಪಾಪ. ಸ್ಪ್ರೇದಾಗ ಎಲ್ಲಾ ಇರ್ತದ."

ಮರುದಿನ ಇನ್ನೊಂದು ಕೋಟ್. ಅದರ ಮರುದಿನ ಮತ್ತೊಂದು. ಪ್ರತಿ ಸಲ ಹಿಂದೆ ಸರಿದು ತಲೆ ವಾರೆ ಮಾಡಿ ನೋಡುವುದು. ಕಾರ್ಖಾನೆಯಲ್ಲಿ ಪೈಪಿನ ಮುಂದೆ ಹೀಗೇ ನಿಲ್ಲುತ್ತಾರೇನೋ. ಮಲ್ಲಿ ಆ ಬುಸ್ ಸದ್ದಿಗೆ ಕಿವಿ ಹಿಂದಕ್ಕೆ ಒತ್ತಿಕೊಂಡರೂ ಮಿಸುಕುತ್ತಿರಲಿಲ್ಲ. ಸ್ಪ್ರೇ ಆದ ಮೇಲೆ ಅವರ ಕೈಯಿಂದ ರೊಟ್ಟಿ ಚೂರು ಸಿಗುತ್ತಿತ್ತಲ್ಲ. ಇಬ್ಬರಿಗೂ ಖುಷಿಯೋ ಖುಷಿ.

ಇತ್ತ ಅತ್ತೆಯದು ಬೇರೆ ದವಾಖಾನೆ. ಮಗ ಡ್ಯೂಟಿಗೆ ಹೋದ ಮೇಲೆ ಅರಿಶಿಣ, ಶೇಂಗಾ ಎಣ್ಣೆ ಕಲಸಿ ತಂದು ಬೆಳ್ಳಿ ಬಣ್ಣದ ಮೇಲೆ ಸವರುತ್ತಿದ್ದರು. ಹಿಡಿದು ಕೇಳಿದರೆ, "ಅರಿಶಿಣ ಹಚ್ಚಿದ ಗಾಯ ಕೆಟ್ಟಿದ್ದು ನಾ ನೋಡಿಲ್ಲ ಬಿಡವಾ" ಎಂದರು. ಸಂಜೆ ಆ ಎಣ್ಣೆಯ ಮೇಲೆ ಮತ್ತೆ ಸ್ಪ್ರೇ. ಎಣ್ಣೆ ಜಿಡ್ಡಿಗೆ ರಸ್ತೆಯ ಧೂಳೆಲ್ಲ ಬಂದು ಅಂಟಿಕೊಳ್ಳುವುದು ಬೇರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗಾಗಿತ್ತು. ನಾನು ಇಬ್ಬರನ್ನೂ ಬೈದೆ. ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ನನ್ನ ಮಾತು ಲಾರಿಯ ಹಾರ್ನ್ ಇದ್ದ ಹಾಗೆ, ದಿನಾ ಕೇಳಿ ಕೇಳಿ ಯಾರಿಗೂ ಕೇಳಿಸುವುದೇ ಇಲ್ಲ.

ಆಮೇಲೆ ಮಲ್ಲಿ ಕಾಲು ಊರುವುದನ್ನು ಬಿಟ್ಟಳು.

ಮೂರು ಕಾಲಲ್ಲಿ ಕುಂಟುತ್ತ ಹಿತ್ತಲಿಗೆ ಹೋಗಿ ಬಚ್ಚಲ ಕಲ್ಲಿನ ಪಕ್ಕ ಮಲಗುತ್ತಿದ್ದಳು. ಅನ್ನ ಹಾಕಿದರೆ ಮೂಸಿ ತಲೆ ಆಚೆ ತಿರುಗಿಸುವುದು. ಬೆಳ್ಳಿ ಬಣ್ಣ ಮಾತ್ರ ಎಲ್ಲೂ ಬಿರುಕು ಬಿಡದೆ ಹೊಳೆಯುತ್ತಿತ್ತು. "ಮ್ಯಾಲ ಒಣಗೈತಲ್ಲ, ಇನ್ನೇನು" ಎಂದರು ನಮ್ಮನೆಯವರು. ನನ್ನ ಮೂಗಿಗೆ ಬಡಿಯುತ್ತಿದ್ದ ವಾಸನೆ ಅವರಿಗೆ ಹೇಗೆ ಬಡಿಯುತ್ತಿರಲಿಲ್ಲವೋ. ಇಡೀ ದಿನ ಪೇಂಟು, ತಿನ್ನರಿನ ನಡುವೆ ನಿಂತು ಅವರ ಮೂಗು ಸತ್ತುಹೋಗಿದೆ ಎಂದುಕೊಂಡೆ. ಕೂತು, ಅವಳ ತಲೆಯನ್ನು ಮೊಣಕಾಲಿನ ನಡುವೆ ಹಿಡಿದು, ಆ ಹೊಳಪಿನ ಮೇಲೆ ಬೆರಳಿಟ್ಟೆ.

ಪದರದ ಕೆಳಗೆ ಏನೋ ಅಲುಗಾಡಿತು.

ಬೀದಿಗೆ ಓಡಿದೆ. ಆಟೋದವನನ್ನು ಕರೆದರೆ, "ನಾಯಿ ಬ್ಯಾಡ್ರಿ ಅಕ್ಕಾ, ಸೀಟು ನಾರ್ತದ" ಎಂದು ಹೊರಟೇಬಿಟ್ಟ. ಇನ್ನೊಬ್ಬ ನಿಲ್ಲಿಸಲೇ ಇಲ್ಲ. ಬಸ್ಸಿನ ಮಾತು ಬಿಡಿ, ಅಲ್ಲಿ ಕೋಳಿಗೆ ಜಾಗ ಇದೆ, ಕುರಿಮರಿಗೆ ಜಾಗ ಇದೆ, ನೋವು ತಿನ್ನುವ ನಾಯಿಗೆ ಇಲ್ಲ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಕೊನೆಗೆ ನಮ್ಮನೆಯವರು ರಜೆ ಹಾಕಿದರು. ಅವರು ಗಾಡಿ ಓಡಿಸುವುದು, ನಡುವೆ ಹಳೆಯ ದುಪ್ಪಟಿಯಲ್ಲಿ ಸುತ್ತಿದ ಮಲ್ಲಿ, ಹಿಂದೆ ನಾನು. ಹೊಸಪೇಟೆಯವರೆಗೂ ಹಾಗೇ.

ಹೊಸಪೇಟೆಯ ಕ್ಲಿನಿಕ್ಕಿನಲ್ಲಿದ್ದದ್ದು ವಯಸ್ಸಿನಲ್ಲಿ ಸಣ್ಣವರಾದ ಒಬ್ಬ ಡಾಕ್ಟರಮ್ಮ. ಮೊದಲು ಗಾಯದ ಸುತ್ತ ಕೂದಲು ಕತ್ತರಿಸಿದರು. ಬೆಳ್ಳಿ ಪದರವನ್ನು ಸಲೈನ್‌ನಲ್ಲಿ ನೆನೆಸಿ ನೆನೆಸಿ ಇಕ್ಕಳದಿಂದ ಎತ್ತಿದರು. ಅದು ಒಂದೇ ತುಂಡಾಗಿ ಎದ್ದು ಬಂತು.

ಒಳಗೆ ಹುಳ.

"ಮ್ಯಾಗಟ್ಸ್" ಎಂದರು ಡಾಕ್ಟರಮ್ಮ, ದಿನಾ ನೋಡುವವರ ದನಿಯಲ್ಲಿ. ಉಗುರಿನಷ್ಟಿದ್ದ ಗಾಯ ಒಳಗೊಳಗೇ ಅಂಗೈಯಷ್ಟಾಗಿತ್ತು. ಒಂದೊಂದೇ ಹುಳ ತೆಗೆದು ಬಟ್ಟಲಿಗೆ ಹಾಕತೊಡಗಿದರು. ಮಲ್ಲಿ ಕೂಗಿದ ಕೂಗನ್ನು ನಾನು ಇಲ್ಲಿ ಬರೆಯಲಾರೆ.

"ಇಷ್ಟು ದಪ್ಪಗೆ ಯಾರ್ರೀ ಹೊಡೆದಿದ್ದು? ಸ್ಪ್ರೇ ಒಳ್ಳೇದೇ, ಆದ್ರೆ ತೊಳೆದು ಒಣಗಿಸಿದ ಸಣ್ಣ ಗಾಯಕ್ಕೆ. ಕೊಳೆ ಒಳಗಿಟ್ಟು ಮುಚ್ಚಿದ್ರೆ ಹೆಂಗೆ?"

ನಮ್ಮನೆಯವರು ಗೋಡೆ ನೋಡುತ್ತಿದ್ದರು. ಅಷ್ಟು ದಿನದ ಸಿಟ್ಟು ನನ್ನ ಬಾಯಿಗೆ ಬಂತು. ಡಾಕ್ಟರಮ್ಮನ ಮುಂದೆ ಎಂಬುದನ್ನೂ ನೋಡಲಿಲ್ಲ.

"ಕಬ್ಬಿಣಕ್ಕ ಬಣ್ಣ ಹೊಡ್ಯಾಕ ಮುಂಚೆ ತುಕ್ಕು ಉಜ್ಜಂಗಿಲ್ಲೇನ್ರಿ ನೀವು?"

"ಉಜ್ಜತೀವಿ."

"ಮತ್ತ?"

ಗೋಡೆಯಿಂದ ಮಲ್ಲಿಯ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ ಅಂದರು, "ಕಬ್ಬಿಣ ಅಳಂಗಿಲ್ಲಲೇ."

ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಆ ಮನುಷ್ಯ ಯಾವುದಕ್ಕೆ ಹೆದರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಸೋಮಾರಿತನ ಅಂದುಕೊಂಡಿದ್ದೆ, ತಿಳಿಗೇಡಿತನ ಅಂದುಕೊಂಡಿದ್ದೆ. ಪಾಪ ಅನ್ನಿಸಿತು. ಆದರೆ ಸಿಟ್ಟು ಇಳಿಯಿತು ಎಂದರೆ ಸುಳ್ಳಾಗುತ್ತದೆ. ಅವರ ಮರುಕಕ್ಕೆ ಬೆಲೆ ತೆತ್ತಿದ್ದು ಮಲ್ಲಿ ತಾನೇ?

"ಮೂಳೆಗೆ ಇನ್ಫೆಕ್ಷನ್ ಇಳಿದಿದ್ರೆ ಕಾಲು ತೆಗೀಬೇಕಾಗಬಹುದು" ಎಂದರು ಡಾಕ್ಟರಮ್ಮ ಕೈ ತೊಳೆಯುತ್ತ. "ಈಗಲೇ ಹೇಳಕ್ಕಾಗಲ್ಲ. ಆಂಟಿಬಯಾಟಿಕ್ ಕೊಡ್ತೀನಿ. ದಿನಾ ಎರಡು ಹೊತ್ತು ಸಲೈನ್‌ನಲ್ಲಿ ಗಾಯ ತೊಳೀಬೇಕು, ಮೂಲೆ ಮೂಲೆ. ಅಳುತ್ತೆ, ಅಳಲಿ. ಒಣ ಬಟ್ಟೆಯಲ್ಲಿ ಒತ್ತಿ, ಆಮೇಲೆ ನಾನು ಕೊಡೋ ಸ್ಪ್ರೇ, ತೆಳ್ಳಗೆ ಒಂದೇ ಸಲ. ಒಣಗೋವರೆಗೂ ನೆಕ್ಕದ ಹಾಗೆ ನೋಡ್ಕೊಳ್ಳಿ. ಯಾರಾದ್ರೂ ಒಬ್ಬರು ಮಾಡಿ. ಎಲ್ಲರೂ ಕೈ ಹಾಕಬೇಡಿ."

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಮಗನ ಕಡೆ ತಿರುಗಿ, "ಮ್ಯಾಲ ಥಳಕು, ಒಳಗ ಹುಳುಕು ಅಂತ ಹಿರೇರು ಸುಮ್ನ ಅಂದಾರೇನು" ಎಂದರು.

"ನಿಮ್ಮ ಎಣ್ಣಿ ಮ್ಯಾಲೇ ಅತ್ತಿ ಆ ಥಳಕು ಕುಂತಿದ್ದು" ಎಂದೆ. ಎರಡು ದಿನ ಅವರು ನನ್ನ ಜೊತೆ ಮಾತು ಬಿಟ್ಟರು. ಎಣ್ಣೆ ಬಟ್ಟಲು ಮಾತ್ರ ಹಿತ್ತಲಿಗೆ ಬರಲಿಲ್ಲ, ಅಷ್ಟು ಸಾಕಾಗಿತ್ತು ನನಗೆ.

ತೊಳೆಯುವ ಕೆಲಸ ನಾನೇ ಮಾಡುತ್ತೇನೆ ಎಂದು ಹೊರಟೆ. ಆಗಲಿಲ್ಲ. ಒಂದು ಕೈಯಲ್ಲಿ ಕಾಲು, ಒಂದು ಕೈಯಲ್ಲಿ ಸಲೈನ್, ಅವಳ ಬಾಯಿಗೆ ಅಡ್ಡ ಏನು? ಪ್ಲಾಸ್ಟಿಕ್ ಬಕೆಟಿನ ತಳ ಕತ್ತರಿಸಿ ಕೊರಳಿಗೆ ಹಾಕಿದರೆ ಅದನ್ನು ಬಾಗಿಲಿಗೆ ಬಡಿದು ಬಡಿದು ಒಡೆದಳು. ಎರಡನೆಯದನ್ನೂ ಒಡೆದಳು. ನಾನು ಬಚ್ಚಲಲ್ಲೇ ಕೂತು, "ನೀ ಕುಂಟೀನೇ ಆಗು ಹೋಗು" ಎಂದು ಬೈದು, ಬೈದ ಬಾಯಲ್ಲೇ ಅತ್ತುಬಿಟ್ಟೆ.

ನಮ್ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಬಂದು ನನ್ನ ಎದುರು ಕೂತರು.

"ನೀ ತಲೆ ಹಿಡಿ. ನಾ ತೊಳಿತೀನಿ."

"ಅಳ್ತಾಳ್ರಿ."

"ಗೊತ್ತೈತಿ, ಹಿಡಿ."

ಅವಳು ಕೂಗಿದಳು. ಅವರ ಕೈ ನಿಲ್ಲಲಿಲ್ಲ. ಮೂಲೆ ಮೂಲೆ ತೊಳೆದರು, ಒತ್ತಿ ಒಣಗಿಸಿದರು, ತೆಳ್ಳಗೆ ಒಂದೇ ಸಲ ಸ್ಪ್ರೇ ಹೊಡೆದರು, ಅದು ಒಣಗುವವರೆಗೂ ಮೂತಿ ಹಿಡಿದು ಕೂತರು. ನಡುವೆ ಒಮ್ಮೆ ಅವರ ಮುಂಗೈಗೆ ಹಲ್ಲು ತಾಗಿಸಿದಳು. ರಕ್ತ ಬರಲಿಲ್ಲ, ಆದರೆ ಎಂದೂ ಹಾಗೆ ಮಾಡಿದವಳಲ್ಲ. ಕೆಲಸ ಮುಗಿದ ಮೇಲೆ ರೊಟ್ಟಿ ಚೂರು ಹಿಡಿದರೆ ಅವರ ಕೈಯನ್ನು ಮೂಸಲೂ ಇಲ್ಲ. ಅದೇ ಚೂರನ್ನು ನಾನು ಕೊಟ್ಟೆ, ತಿಂದಳು.

ಅಲ್ಲಿಂದ ಮುಂದೆ ಮನೆಯ ದಿನಚರಿಯೇ ಬೇರೆಯಾಯಿತು. ಶಿಫ್ಟು ಯಾವುದೇ ಇರಲಿ, ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ. ಚಪ್ಪಲಿ ಸದ್ದು ಕೇಳಿದರೆ ಸಾಕು, ಮಲ್ಲಿ ಮಂಚದ ಕೆಳಗೆ ಸೇರುತ್ತಿದ್ದಳು. ಅವರು ಬೋರಲು ಮಲಗಿ, ಕೈ ಚಾಚಿ, ಎಳೆದು ತರುತ್ತಿದ್ದರು. ಊಟಕ್ಕೆ ಕೂತಾಗ ಮೊದಲಿನ ಹಾಗೆ ಅವರ ತೊಡೆಗೆ ಗದ್ದ ಊರುವುದನ್ನು ಬಿಟ್ಟಳು. ಅವರೂ ಕರೆಯುವುದನ್ನು ಬಿಟ್ಟರು. ತಟ್ಟೆ ನೋಡಿಕೊಂಡು ಉಣ್ಣುವರು, ಕೈ ತೊಳೆಯುವರು, ಏಳುವರು. "ಇಬ್ರೂ ಸರದಿ ಮ್ಯಾಲ ಮಾಡೋಣ, ಬೈಗುಳ ಹಂಚ್ಕೊಳ್ಳೋಣ" ಎಂದು ನಾನೇ ಹೇಳಿದೆ. ಒಪ್ಪಲಿಲ್ಲ. "ಡಾಕ್ಟರಮ್ಮ ಒಬ್ರೇ ಅಂದಾರ. ನಿನ್ನ ಕೈಲೆ ಉಣ್ಣಾಕತ್ಯಾಳ, ನಿನಗೂ ಹೆದ್ರಿದ್ರ ಯಾರ ಕೈಲೆ ಉಣ್ತಾಳ?" ಎಂದರು.

ಗಾಯ ಅಂಚಿನಿಂದ ಒಳಕ್ಕೆ ಗುಲಾಬಿ ಬಣ್ಣಕ್ಕೆ ತಿರುಗುತ್ತ ಬಂತು. ಒಂದು ದಿನ ಚೆನ್ನಾಗಿದೆ ಎನ್ನಿಸಿದರೆ ಮರುದಿನ ಕೀವು. ಮತ್ತೆ ಹೊಸಪೇಟೆ, ಮತ್ತೆ ಆಟೋದವರ ಹತ್ತಿರ ಜಗಳ. ಎಕ್ಸ್‌ರೇ ನೋಡಿ ಮೂಳೆಗೆ ಏನೂ ಆಗಿಲ್ಲ ಎಂದ ದಿನ ನಾನು ಡಾಕ್ಟರಮ್ಮನ ಕೈ ಹಿಡಿದುಕೊಂಡೆ. ನಮ್ಮನೆಯವರು ಹೊರಗೆ ಹೋಗಿ ಗಾಡಿಯ ಪಕ್ಕ ಬಹಳ ಹೊತ್ತು ನಿಂತಿದ್ದರು.

ಈಗ ಸ್ಪ್ರೇ ನಿಂತಿದೆ. ಗಾಯವಿದ್ದ ಜಾಗದಲ್ಲಿ ಕೂದಲು ಬಂದಿಲ್ಲ, ಬರುವುದೂ ಇಲ್ಲವಂತೆ. ಅಲ್ಲೇ ಚರ್ಮ ತೆಳ್ಳಗಿದೆ, ತಗಡು ಕಂಡರೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಉಳಿಸಿದ ದೇವರಿಗೆ, ಡಾಕ್ಟರಮ್ಮನಿಗೆ ಕೈ ಮುಗಿಯುತ್ತೇನೆ. ಡಬ್ಬಿಯ ಮೇಲೆ ಓದಲಾಗದ ಹಾಗೆ ಬರೆದವರಿಗೆ ಮುಗಿಯುವುದಿಲ್ಲ.

ನಿನ್ನೆ ನಮ್ಮನೆಯವರು ಅಂಗಳದಲ್ಲಿ ಬರಿಗೈಯಲ್ಲಿ ಕೂತು, "ಮಲ್ಲೀ, ಬಾರವಾ" ಎಂದರು. ಅವಳು ತಲೆ ಎತ್ತಿ ನೋಡಿದಳು. ಎದ್ದಳು. ತಿರುಗಿ, ಒಂದೇ ಉಸಿರಿಗೆ ಹಿತ್ತಲಿನ ಕಡೆ ಓಡಿಹೋದಳು.

"ಅಯ್ಯ, ಇನ್ನೂ ಮರ್ತಿಲ್ಲ ನೋಡ್ರಿ" ಎಂದೆ.

ಅವರು ಅವಳು ಹೋದ ದಾರಿಯನ್ನೇ ನೋಡುತ್ತಿದ್ದರು.

"ಓಡ್ಲಿ ಬಿಡಲೇ" ಎಂದರು. "ನಾಲ್ಕೂ ಕಾಲು ಊರಿ ಓಡಾಕತ್ಯಾಳಲ್ಲ."