ನಾಲ್ಕು ಬೆರಳಿನ ಮಡಿಕೆ

ಗೋವಾದ ಚಿಂಬಲ್‌ನ ನಮ್ಮ ಓಣಿಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಟೇಲರ್ ಅಕ್ಕ, ಟೇಪು ತೋರಿಸಿದ ಅಳತೆಯನ್ನು ಎಂದೂ ನಂಬಿದವಳಲ್ಲ. "ಒಳಗ ಬಟ್ಟಿ ಬಿಟ್ಟೇನ್ರಿ, ಬೆಳೀಲಿ" ಎಂದು ನನ್ನ ಮಗನ ಪ್ಯಾಂಟಿನ ಅಂಚನ್ನೂ ನಾಲ್ಕು ಬೆರಳಷ್ಟು ಒಳಕ್ಕೆ ಮಡಚಿಯೇ ಹೊಲಿಯುತ್ತಿದ್ದಳು.

ಹೊಲಿಗೆ ಯಂತ್ರದ ಪಕ್ಕ ಮೊಬೈಲಿನಲ್ಲಿ ಸದಾ ಒಂದೇ ಇಂಗ್ಲಿಷ್ ಹಾಡು. ನೋಡನೋಡುತ್ತಲೇ ಮಕ್ಕಳು ದೊಡ್ಡವರಾಗಿಬಿಟ್ಟರಲ್ಲ ಎಂದು ತಂದೆತಾಯಿ ಮರುಗುವ ಹಾಡದು. ಅಕ್ಕನಿಗೆ ಅರ್ಥ ಹೇಳಿಕೊಟ್ಟವಳು ಅವಳ ಮಗಳು. "ಅದಕ್ಯಾಕ ಅಳಬೇಕ್ರಿ? ಮಡಿಕಿ ಬಿಚ್ಚಿದ್ರಾತು!" ಎಂದು ಅಕ್ಕ ನಗುತ್ತಿದ್ದಳು.

ಆ ಮಗಳಿಗೆ ವೆರ್ಣಾದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮೊದಲ ದಿನಕ್ಕೆಂದು ಅಕ್ಕ ಹೊಲಿದ ಪ್ಯಾಂಟಿನಲ್ಲೂ ನಾಲ್ಕು ಬೆರಳಿನ ಮಡಿಕೆ.

"ಅವ್ವಾ, ನಾ ಇನ್ನೆಷ್ಟ್ ಬೆಳೀಬೇಕು?" ಮಗಳು ಹೊಟ್ಟೆ ಹಿಡಿದು ನಕ್ಕಳು.

ಅಕ್ಕ ಹಾಡು ನಿಲ್ಲಿಸಿದಳು. "ನೀ ಬೆಳದೀ, ಖರೇ. ಅದನ್ನ ನನ್ನ ಕೈಗೆ ಯಾರ್ ಹೇಳ್ತಾರ?"